50 ಮಿಮೀ ಸಂದಿಗೆ ಫಿಲ್ಲರೋ, ಅಗಲದ ಕ್ಯಾಬಿನೆಟ್ಟೋ?

ನಿಮ್ಮ ಅಡುಗೆಮನೆಯ ಗೋಡೆ 3050 ಮಿಮೀ, 600 ಮಿಮೀ ಅಗಲದ ಕ್ಯಾಬಿನೆಟ್ ಐದು. ಉಳಿದ 50 ಮಿಮೀಗೆ ಫಿಲ್ಲರ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಇಡಬಹುದು, ಇಲ್ಲವೇ ಒಂದು ಕ್ಯಾಬಿನೆಟ್ಟನ್ನು 650ಕ್ಕೆ ಹಿಗ್ಗಿಸಬಹುದು.

ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಹಿಗ್ಗಿಸುವುದು ಸುಲಭ, ಅಗಲದ ಅಂಕಿ ಬದಲಿಸಿದರೆ ಮುಗಿಯಿತು. ಫಿಲ್ಲರಿಗೆ ಚೀಫ್ ಆರ್ಕಿಟೆಕ್ಟ್‌ನಲ್ಲಿ ಪ್ರತ್ಯೇಕ ಟೂಲ್ ಇದೆ. ಸ್ಕೆಚಪ್‌ನಲ್ಲಾದರೆ ಆಯತ ಬರೆದು ಎಳೆದು ನೀವೇ ಪಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಹೆಸರು ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಕಟ್‌ಲಿಸ್ಟ್‌ನಲ್ಲಿ (ಕತ್ತರಿಸಬೇಕಾದ ತುಂಡುಗಳ ಲೆಕ್ಕದಲ್ಲಿ) ಯಾರ ಕಣ್ಣಿಗೂ ಬೀಳುವುದಿಲ್ಲ.

ಖರ್ಚಿನಲ್ಲಿ ಫಿಲ್ಲರ್ ಹಗುರ: ಶಟರಿನದೇ (ಕ್ಯಾಬಿನೆಟ್ ಬಾಗಿಲಿನದೇ) ಲ್ಯಾಮಿನೇಟ್ ಹಾಕಿದ ಒಂದು ತುಂಡು ಸಾಕು. ರೆಡಿಮೇಡ್ ಕ್ಯಾಬಿನೆಟ್ ಕೊಳ್ಳುವವರಿಗೆ 650ರದ್ದು ವಿಶೇಷ ಆರ್ಡರ್ ಆಗಬಹುದು. ಬಡಗಿಯೇ ಮನೆಯಲ್ಲಿ ಮಾಡುವುದಾದರೆ ವ್ಯತ್ಯಾಸ ಅಲ್ಪ, ಮೇಲಾಗಿ ಒಳಗಿನ ಜಾಗವೂ ದಕ್ಕುತ್ತದೆ.

ನಿಜವಾದ ಪ್ರಶ್ನೆ ಗೋಡೆಯದು. ಪರದೆಯ ಮೇಲೆ ಗೋಡೆ ನೆಟ್ಟಗಿರುತ್ತದೆ. ಗಾರೆ ಗೋಡೆ ಕೆಳಗೆ 3050 ಇದ್ದು ಮೇಲೆ 3042 ಇರಬಹುದು. ಫಿಲ್ಲರನ್ನು ಗೋಡೆಯ ಓರೆಗೆ ತಕ್ಕಂತೆ ಸ್ಥಳದಲ್ಲೇ ಕೆತ್ತಬಹುದು. 650ರ ಪೆಟ್ಟಿಗೆ ಮಾತ್ರ ಕೂರುವುದೇ ಇಲ್ಲ. ಹಾಗಾಗಿ ಮೂರು ಎತ್ತರದಲ್ಲಿ ಅಳೆದು, ಅತಿ ಚಿಕ್ಕ ಅಳತೆಯನ್ನೇ ಲೇಔಟಿಗೆ ಹಾಕಿ.

ಮೂಲೆಯಲ್ಲಂತೂ ನಾನು ಫಿಲ್ಲರ್ ಇಟ್ಟೇ ಇಡುತ್ತೇನೆ. ಎಲ್ ಆಕಾರದ ಅಡುಗೆಮನೆಯಲ್ಲಿ ಅದಿಲ್ಲದಿದ್ದರೆ ಡ್ರಾಯರ್ ಎಳೆದಾಗ ಪಕ್ಕದ ಶಟರಿನ ಹ್ಯಾಂಡಲ್ಲಿಗೆ ತಗಲುತ್ತದೆ. ಹ್ಯಾಂಡಲ್ ಎಷ್ಟು ಹೊರಚಾಚಿದೆ ಎಂದು ನೋಡಿಯೇ ಪಟ್ಟಿಯ ಅಗಲ ಇಡಿ. ಗೋಡೆಗೆ ತಾಗದೆ ನಡುವೆ ನಿಲ್ಲುವ, ಎರಡೂ ಬದಿ ತೆರೆದಿರುವ ಐಲ್ಯಾಂಡಿಗೆ, ಅಥವಾ ಸಂದಿ 150 ಮಿಮೀ ದಾಟಿದ್ದರೆ, ಪಟ್ಟಿ ಬೇಡ. ಕ್ಯಾಬಿನೆಟ್ ಹಿಗ್ಗಿಸಿ, ಇಲ್ಲವೇ ಎಣ್ಣೆ ಬಾಟಲಿ ಇಡುವ, ಹೊರಗೆಳೆಯುವ ಕಿರಿದಾದ ಪುಲ್‌ಔಟ್ ಕೂರಿಸಿ.