ವರ್ಚುವಲ್‌ಬಾಕ್ಸ್ ಲಿನಕ್ಸ್‌ಗೆ ನೆಟ್: ನ್ಯಾಟ್, ಬ್ರಿಡ್ಜ್, ಇಲ್ಲಾ ಡಾಂಗಲ್?

ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ ವರ್ಚುವಲ್‌ಬಾಕ್ಸ್. ಅದರಲ್ಲಿ ಹಾಕಿದ ಉಬುಂಟು ಲಿನಕ್ಸ್ ಒಳಗೆ ವೈಫೈ ಗುರುತೇ ಕಾಣ್ತಿಲ್ಲ ಅಂತ ಗಾಬರಿ ಬೇಡ. ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಉಬುಂಟುಗೆ ಕಾಣುವುದೇ ಇಲ್ಲ. ವರ್ಚುವಲ್‌ಬಾಕ್ಸ್ ಅದಕ್ಕೆ ತೋರಿಸುವುದು ತಂತಿಯ ನೆಟ್‌ವರ್ಕ್ ಕಾರ್ಡ್‌ನ ವೇಷ, ಅಷ್ಟೇ.

ಸುಮ್ನೆ ಬ್ರೌಸಿಂಗ್, ಅಪ್‌ಡೇಟ್ ಸಾಕೆಂದರೆ ನ್ಯಾಟ್, ಅಂದರೆ ಲ್ಯಾಪ್‌ಟಾಪ್‌ನ ನೆಟ್ ಮೂಲಕವೇ ಹೊರಗೆ ಹೋಗುವ ಸೆಟ್ಟಿಂಗ್. ಖರ್ಚಿಲ್ಲ, ತಲೆನೋವೂ ಕಡಿಮೆ. ಉಬುಂಟುಗೆ ಸಾಮಾನ್ಯವಾಗಿ 10.0.2.15 ಎಂಬ ನೆಟ್‌ವರ್ಕ್ ವಿಳಾಸ ಬರುತ್ತದೆ. ಬಂದ ಮೇಲೂ ಪುಟ ತೆರೆಯದಿದ್ದರೆ ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಅದು ಉತ್ತರಿಸುತ್ತದಾ ನೋಡಿ. ಉತ್ತರ ಬಂದರೆ ನನ್ನ ಅನುಮಾನ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲೇ.

ಫೋನಿನಿಂದ ಉಬುಂಟು ಒಳಗಿನ ಸರ್ವರ್ ತೆರೆಯಬೇಕಾ? ಬ್ರಿಡ್ಜ್ ಅನುಕೂಲ: ಉಬುಂಟು ಮನೆಯ ನೆಟ್‌ವರ್ಕ್‌ಗೆ ಬೇರೆಯೇ ಯಂತ್ರದಂತೆ ಸೇರುತ್ತದೆ. ಆದರೆ ವೈಫೈ ಮೇಲೆ ಅದು ಸ್ವಲ್ಪ ಹಠಮಾರಿ: ಒಂದೇ ಕಾರ್ಡ್ ಹಿಂದೆ ಎರಡನೇ ಯಂತ್ರ ಇರುವುದನ್ನು ಕೆಲವು ರೂಟರ್‌ಗಳು ಒಪ್ಪುವುದಿಲ್ಲ. ಒಂದೆರಡು ಪೋರ್ಟ್ (ಸರ್ವರ್ ಕರೆ ಕೇಳುವ ಸಂಖ್ಯೆಯ ಬಾಗಿಲು) ಸಾಕಾದರೆ ನ್ಯಾಟ್‌ನಲ್ಲೇ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಳ್ಳಿ, ಅಂದರೆ ಲ್ಯಾಪ್‌ಟಾಪ್‌ಗೆ ಬಂದ ಕರೆಯನ್ನು ಒಳಗೆ ದಾಟಿಸಿ.

ವೈಫೈ ಸ್ಕ್ಯಾನಿಂಗನ್ನೇ ಕಲಿಯುವವರಿಗೆ ಯುಎಸ್‌ಬಿ ಡಾಂಗಲ್, ಅಂದರೆ ಉಬುಂಟುಗೇ ನೇರ ಕೊಡಬಹುದಾದ ಪುಟ್ಟ ವೈಫೈ ಸಾಧನ. ದುಡ್ಡು ಬೇಕು, ಲಿನಕ್ಸ್ ಡ್ರೈವರ್ ಇದೆಯಾ ನೋಡಿಯೇ ಕೊಳ್ಳಿ.