ಚಿಕಾನೋ ಪಾರ್ಕೋ, ಗ್ರೇಟ್ ವಾಲೋ?

ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೀರಿ. ಜನರೇ ಸೇರಿ ಬಿಡಿಸಿದ ಗೋಡೆಚಿತ್ರ ನೋಡಲು ಒಂದೇ ದಿನ ಬಿಡುವಿದೆ. ಎಲ್ಲಿಗೆ ಹೋಗುತ್ತೀರಿ?

ಸ್ಯಾನ್ ಡಿಯಾಗೋದ ಚಿಕಾನೋ ಪಾರ್ಕ್ ಇರುವುದು ಕೊರೊನಾಡೋ ಸೇತುವೆಯ ಕೆಳಗೆ. ಮೊದಲು ಹೆದ್ದಾರಿ, ಆಮೇಲೆ ಸೇತುವೆ ಬಂದು ಚಿಕಾನೋಗಳ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ಈ ಬಡಾವಣೆಯನ್ನು ಸೀಳಿದವು. ಪಾರ್ಕ್ ಆಗುತ್ತದೆ ಎಂದು ಜನ ಕಾದಿದ್ದ ಜಾಗಕ್ಕೆ 1970ರ ಏಪ್ರಿಲ್ 22ರಂದು ಬುಲ್ಡೋಜರ್ ಬಂತು, ಹೆದ್ದಾರಿ ಪೊಲೀಸರ ಠಾಣೆಗಾಗಿ. ಜನ ಅಡ್ಡ ನಿಂತರು, ಜಾಗ ಹಿಡಿದು ಕೂತರು, ಗೆದ್ದರು. 1973ರಲ್ಲಿ ಚಿತ್ರ ಬಿಡಿಸೋದು ಶುರುವಾಯಿತು. ಸೇತುವೆಯ ಕಂಬಗಳೇ ಕ್ಯಾನ್ವಾಸ್. ಅವುಗಳ ನಡುವೆ ಸುಮ್ನೆ ಅಡ್ಡಾಡಬಹುದು. ತಲೆ ಮೇಲೆ ವಾಹನಗಳ ಸದ್ದು ಇದ್ದದ್ದೇ.

ಲಾಸ್ ಏಂಜಲೀಸ್‌ನ ಗ್ರೇಟ್ ವಾಲ್ ಬೇರೆ ಥರ. ಪ್ರವಾಹದ ನೀರು ಹರಿಯುವ ಕಾಲುವೆಯ ಕಾಂಕ್ರೀಟ್ ಗೋಡೆ ಅದು, ಸುಮಾರು ಅರ್ಧ ಮೈಲಿ ಉದ್ದ. ಕಲಾವಿದೆ ಜೂಡಿ ಬಾಕಾ ಜೊತೆ 400ಕ್ಕೂ ಹೆಚ್ಚು ಹದಿಹರೆಯದವರು 1970, 80ರ ದಶಕಗಳ ಬೇಸಿಗೆಗಳಲ್ಲಿ ಬಿಡಿಸಿದರು. ಆದಿಕಾಲದಿಂದ 1950ರ ದಶಕದವರೆಗಿನ ಕ್ಯಾಲಿಫೋರ್ನಿಯಾದ ಚರಿತ್ರೆ ಸಾಲಾಗಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಧನ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನಿ ಮೂಲದವರೂ ಇದ್ದಾರೆ. ಆದರೆ ದಡದ ಮೇಲಿಂದ, ಬೇಲಿಯಾಚೆಗೆ ನೋಡಬೇಕು.

ಚರಿತ್ರೆ ಓದುವ ಆಸೆ ಜಾಸ್ತಿ ಇದ್ದರೆ ಗ್ರೇಟ್ ವಾಲ್. ನನ್ನ ಓಟು ಚಿಕಾನೋ ಪಾರ್ಕಿಗೆ. ಏಪ್ರಿಲ್‌ನಲ್ಲಿ ಹೋದರೆ ಅಲ್ಲಿನ ವಾರ್ಷಿಕ ಹಬ್ಬವೂ ಸಿಗಬಹುದು.