ಚಾಕಿ ಎಲ್ಲಿಂದ ತರುತ್ತೀರಿ? ಶಿಡ್ಲಘಟ್ಟ ಕಡೆಯ ಒಂದು ಕೇಂದ್ರದ ಬಗ್ಗೆ

ರೇಷ್ಮೆ ಬೆಳೆ ಕೈಗೆ ಬರುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಮೊದಲ ಎಂಟು ದಿನದಲ್ಲೇ ತೀರ್ಮಾನವಾಗುತ್ತದೆ ಅಂತ ನಾನು ನಂಬಿದ್ದೇನೆ. ಆ ಎಂಟು ದಿನ ಹುಳು ನಮ್ಮ ಮನೆಯಲ್ಲಿ ಇರುವುದಿಲ್ಲ, ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಲ್ಲಿ ಇರುತ್ತದೆ. ಗೊಬ್ಬರದ ಅಂಗಡಿ ಯಾವುದು ಒಳ್ಳೆಯದು, ಡ್ರಿಪ್ ಪೈಪು ಯಾವ ಕಂಪನಿಯದು ಅಂತ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಚಾಕಿ ಕೇಂದ್ರದ ಬಗ್ಗೆ ಮಾತ್ರ ಯಾರೂ ಬಿಡಿಸಿ ಬರೆಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಎರಡು ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟ. ಎರಡು ಪ್ಲಾಟ್ ಮಾಡಿಕೊಂಡು ಸರದಿಯ ಮೇಲೆ ಹುಳು ಸಾಕುತ್ತೇವೆ, ಒಂದು ಬೆಳೆಗೆ 250 ಮೊಟ್ಟೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನು ನಾವು ಒಂದು ಮೊಟ್ಟೆ ಅಂತ ಲೆಕ್ಕ ಹಾಕುತ್ತೇವೆ. ಒಂದು ಗುಂಪಿನಲ್ಲಿ ನಾನೂರು, ಐನೂರು ಇರುತ್ತವೆ. 100 ಮೊಟ್ಟೆ ಅಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. ಕೇಂದ್ರದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅಲ್ಲಿನ ಮಾಲೀಕರೇ ಬೇಡ ಅಂದರು. ಈಗ ಇರುವ ಬುಕಿಂಗ್‌ಗೇ ಸೊಪ್ಪು ಸಾಲುತ್ತಿಲ್ಲವಂತೆ. ಹೆಸರಿಗಿಂತ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊಟ್ಟೆ ಒಡೆದ ಮೇಲೆ ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಎರಡನೇ ಜ್ವರದವರೆಗಿನ ಸಾಕಣೆಯೇ ಚಾಕಿ. ಈ ಹಂತದಲ್ಲಿ ಹುಳು ತಿನ್ನುವ ಸೊಪ್ಪು ತೀರಾ ಕಡಿಮೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಕೊನೆಯ ಹಂತಕ್ಕೇ ಹೋಗುತ್ತದೆ. ಆದರೆ ನಾಜೂಕು ಮಾತ್ರ ಪೂರ್ತಿ ಮೊದಲ ಹಂತದಲ್ಲೇ ಇದೆ. 27–28 ಡಿಗ್ರಿ ಬಿಸಿ ಬೇಕು, ತೇವಾಂಶ ನೂರಕ್ಕೆ 80ರಿಂದ 90 ಇರಬೇಕು. ಸೊಪ್ಪು ಎಳೆಯದಾಗಿ, ರಸ ತುಂಬಿರಬೇಕು. ಬಾಣಂತಿ ಕೋಣೆಯ ಹಾಗೆ ಬೆಚ್ಚಗೆ, ಗಾಳಿ ನೇರವಾಗಿ ಬೀಸದ ಹಾಗೆ ಇಟ್ಟುಕೊಳ್ಳಬೇಕು. ಅದೇ ಹುಳು ದೊಡ್ಡದಾದ ಮೇಲೆ ಅದಕ್ಕೆ ಬೇಕಾಗುವುದು ತದ್ವಿರುದ್ಧ: ತಂಪು, ಒಣ ಹವೆ, ಚೆನ್ನಾಗಿ ಗಾಳಿ. ಎರಡನ್ನೂ ಒಂದೇ ಹುಳು ಮನೆಯಲ್ಲಿ ಸರಿಯಾಗಿ ಮಾಡುವುದು ಬಹಳ ಕಷ್ಟ.

ನಮ್ಮ ಅತ್ತೆ ಮನೆಯಲ್ಲೇ ಚಾಕಿ ಕಟ್ಟುತ್ತಿದ್ದರು. ಅಡುಗೆ ಮನೆಗೆ ಅಂಟಿದ ಕೋಣೆ, ಬಿದಿರಿನ ತಟ್ಟೆ, ಕೆಂಡದ ಕುಂಪಟಿ. ರಾತ್ರಿ ಎದ್ದೆದ್ದು ನೋಡುತ್ತಿದ್ದರು. ಆ ವಾರ ಅವರು ಯಾರ ಮದುವೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಒಂದೊಂದು ಬೆಳೆಯಲ್ಲಿ ಹುಳು ದಪ್ಪ ಸಣ್ಣ ಆಗಿಬಿಡುತ್ತಿತ್ತು. ಈಗ ಆ ಎಂಟು ದಿನದ ಹೊರೆಯನ್ನು ದುಡ್ಡು ಕೊಟ್ಟು ಇನ್ನೊಬ್ಬರಿಗೆ ವಹಿಸುತ್ತಿದ್ದೇವೆ. ಅವರು ವರ್ಷಪೂರ್ತಿ ಅದೊಂದೇ ಕೆಲಸ ಮಾಡುತ್ತಾರೆ. ನಮಗೆ ಉಳಿಯುವುದು ಹದಿನಾರು ಹದಿನೇಳು ದಿನದ ಸಾಕಣೆ. ಹುಳು ಮನೆ ತೊಳೆದು ಒಣಗಿಸಲು ಸಮಯ ಸಿಗುತ್ತದೆ, ವರ್ಷಕ್ಕೆ ಒಂದೆರಡು ಬೆಳೆ ಜಾಸ್ತಿ ತೆಗೆಯಬಹುದು.

ಈ ಕೇಂದ್ರದಲ್ಲಿ ನನಗೆ ಮೊದಲು ಇಷ್ಟವಾಗಿದ್ದು ಅವರ ತೋಟ. ಚಾಕಿಗೆಂದೇ ಬೇರೆ ತೋಟ ಇಟ್ಟಿದ್ದಾರೆ. ಅರ್ಧ ಭಾಗ ಎಸ್-36 ತಳಿ, ಉಳಿದದ್ದು ವಿ-1. ಎಸ್-36 ಎಲೆ ಮೆತ್ತಗೆ, ಮರಿ ಹುಳು ಬೇಗ ಕಚ್ಚುತ್ತದೆ. ಕೊಟ್ಟಿಗೆ ಗೊಬ್ಬರ ಹಾಕುತ್ತಾರೆ, ನೀರು ತಪ್ಪಿಸುವುದಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗುವುದು ಗ್ಯಾರಂಟಿ ಇಲ್ಲದ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಸುತ್ತ ಟೊಮೇಟೊ, ದ್ರಾಕ್ಷಿ ಬೆಳೆಯುವ ಹೊಲ ಇಲ್ಲದ ಜಾಗ ನೋಡಿ ತೋಟ ಮಾಡಿದ್ದಾರೆ. ಪಕ್ಕದ ಹೊಲದವರು ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ ಮರಿ ಹುಳು ಉಳಿಯುವುದಿಲ್ಲ.

ಕಟ್ಟಡದಲ್ಲಿ ಮೂರು ಕೋಣೆ. ಮೊಟ್ಟೆ ಕಾಯಿಸುವುದು ಒಂದರಲ್ಲಿ, ಹುಳು ಇನ್ನೊಂದರಲ್ಲಿ, ಸೊಪ್ಪು ಇಡುವುದು ಮತ್ತೊಂದರಲ್ಲಿ. ದೊಡ್ಡ ಹುಳುವಿನ ಸಾಕಣೆ ಆ ಜಾಗದಲ್ಲಿ ಇಲ್ಲವೇ ಇಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಹರಡಿದ ಗೋಣಿ ಚೀಲ ಹಾಸಿದ್ದಾರೆ. ಅದರ ಮೇಲೆ ಕಾಲಿಟ್ಟು, ಕೈ ತೊಳೆದು, ಅವರು ಕೊಡುವ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬೇಕು. ನಾನು ಹೋದಾಗ ಕೆಲಸದ ಹೆಂಗಸೊಬ್ಬರು ನನ್ನನ್ನು ತಡೆದು, "ಅಕ್ಕಾ, ನಿಮ್ಮ ಮನೇಲಿ ಈಗ ಹುಳ ಐತಾ?" ಅಂತ ಕೇಳಿದರು. ಹೌದು ಅಂದೆ. "ಹಂಗಾದ್ರೆ ಕಿಟಕಿಯಿಂದ ನೋಡಿ, ಒಳಗೆ ಬ್ಯಾಡ" ಅಂದರು. ಗಿರಾಕಿ ಅಂತ ನೋಡದೆ ಹಾಗೆ ಹೇಳಿದರಲ್ಲ, ಅಲ್ಲೇ ನನಗೆ ಆ ಜಾಗದ ಮೇಲೆ ನಂಬಿಕೆ ಬಂತು. ನಮ್ಮ ಸೀರೆ ಸೆರಗಿನಲ್ಲೇ ಹಾಲುತೊಂಡೆ ರೋಗ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬಹುದು.

ಕಿಟಕಿಯಿಂದ ನೋಡಿದ್ದನ್ನು ಹೇಳುತ್ತೇನೆ. ನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ಮೊದಲ ದಿನದ ಮರಿಗೆ ಬೆರಳ ಉಗುರಿಗಿಂತ ಚಿಕ್ಕ ಚೂರು, ದಿನ ಕಳೆದಂತೆ ದೊಡ್ಡದು. ಟ್ರೇ ಕೆಳಗೂ ಮೇಲೂ ಪ್ಯಾರಾಫಿನ್ ಪೇಪರ್, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ. ಸೊಪ್ಪು ಬಾಡಬಾರದು ಅಂತ. ಹುಳು ಜ್ವರಕ್ಕೆ ಕೂತ ಟ್ರೇಗಳ ಪೇಪರ್ ತೆಗೆದು, ಸುಣ್ಣದ ಪುಡಿ ಉದುರಿಸಿ, ಕೋಣೆಯ ಗಾಳಿ ಕಿಟಕಿ ಸ್ವಲ್ಪ ತೆರೆದಿದ್ದರು. ಯಾವ ಟ್ರೇ ಯಾವ ಹೊತ್ತಿಗೆ ಕೂತಿತು ಅಂತ ಚೀಟಿ ಅಂಟಿಸಿದ್ದರು. ಆ ಚೀಟಿಯ ಮೇಲಿನ ಅಕ್ಷರ ಸೊಪ್ಪು ಹೆಚ್ಚುತ್ತಿದ್ದ ಹೆಂಗಸರದ್ದೇ. ಅವರ ಕಣ್ಣಿಗೆ ಕಂಡದ್ದು ಯಾವ ಮಿಷನ್ನಿಗೂ ಕಾಣುವುದಿಲ್ಲ. ಹುಳುವಿನ ತಲೆ ಎತ್ತಿದ ರೀತಿ, ಮೈ ಹೊಳಪು ನೋಡಿ ಇನ್ನೆಷ್ಟು ಗಂಟೆಗೆ ಜ್ವರದಿಂದ ಏಳುತ್ತದೆ ಅಂತ ಹೇಳುತ್ತಾರೆ. ಇದು ಕಲಿತು ಬಂದ ಕಸುಬು, ಕೂಲಿ ಕೆಲಸ ಅಂತ ಮಾತ್ರ ಕರೆದರೆ ತಪ್ಪು.

ಇಂಥ ಕಸುಬು ನಮ್ಮ ಕಡೆ ಇಷ್ಟೊಂದು ಬೆಳೆದದ್ದು ಯಾಕೆ ಅಂತ ಯೋಚಿಸಿದ್ದೀರಾ? 2011ರ ಜನಗಣತಿ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 5ರಷ್ಟು. ಕಚ್ಚಾ ರೇಷ್ಮೆಯಲ್ಲಿ ಮಾತ್ರ ಸುಮಾರು ಮೂರನೇ ಒಂದು ಪಾಲು ನಮ್ಮದೇ. ಟಿಪ್ಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆ ಇದೆ. ಮುಂದೆ ಜಮ್ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿ, ಜಪಾನಿನಿಂದ ತಿಳಿದವರನ್ನು ಕರೆಸಿದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರಂ ಅನ್ನುವ ಬಡಾವಣೆ ಇವತ್ತಿಗೂ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ, ವಿ-1 ತಳಿ ಕೊಟ್ಟ ಸಂಶೋಧನಾ ಸಂಸ್ಥೆ ಮೈಸೂರಿನಲ್ಲಿ. ಹೀಗೆ ಒಂದಕ್ಕೊಂದು ಹೊಂದಿಕೊಂಡು ಕೆಲಸಗಳ ಸರಪಳಿ ಬೆಳೆದಿದೆ. ಮಾಗಡಿ, ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುವವರು, ಮೊಟ್ಟೆ ತಯಾರಿಸುವವರು, ಚಾಕಿಯವರು, ನಮ್ಮಂಥ ಸಾಕುವವರು, ರಾಮನಗರ ಮತ್ತು ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ಹರಾಜು ನಡೆಸುವವರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ಹುರಿ ಮಾಡುವವರು, ದೊಡ್ಡಬಳ್ಳಾಪುರದ ಮಗ್ಗದವರು. ಎಂಟು ದಿನ ಹುಳು ಸಾಕುವುದನ್ನೇ ಜೀವನ ಮಾಡಿಕೊಳ್ಳಬೇಕಾದರೆ ಹತ್ತಾರು ಊರಿನಲ್ಲಿ ವರ್ಷಪೂರ್ತಿ ಹುಳು ಸಾಕುವ ಜನ ಬೇಕು. ಪಕ್ಕದ ತಮಿಳುನಾಡಿನ ಹೊಸೂರು, ಆಂಧ್ರದ ಹಿಂದೂಪುರ ಕಡೆಯೂ ಚಾಕಿ ಕೇಂದ್ರ ಇವೆ. ಹುಳು ಸಾಕುವವರು ಇಲ್ಲದ ರಾಜ್ಯದಲ್ಲಿ ಈ ಕೆಲಸಕ್ಕೆ ಅರ್ಥವೇ ಇಲ್ಲ.

ಇನ್ನು ನಮ್ಮ ಮನೆಗೆ ಬರುವ ಮಾಲಿನ ವಿಷಯ. ಹುಳು ಎರಡನೇ ಜ್ವರದಲ್ಲಿ ಇರುವಾಗಲೇ, ಬೆಳಗ್ಗೆ ಬಿಸಿಲೇರುವ ಮುಂಚೆ ಟೆಂಪೋದಲ್ಲಿ ತಂದು ಕೊಡುತ್ತಾರೆ. ಜ್ವರದಲ್ಲಿ ಹುಳು ಅಲ್ಲಾಡದೆ ಕೂತಿರುತ್ತದೆ, ಸೊಪ್ಪು ಬೇಕಿಲ್ಲ. ಸಾಗಿಸಲು ಅದೇ ಸರಿಯಾದ ಹೊತ್ತು. ಜೊತೆಗೆ ಒಂದು ಕಾರ್ಡ್ ಕೊಡುತ್ತಾರೆ. ಮೊಟ್ಟೆ ಎಲ್ಲಿಂದ ಬಂತು, ಯಾವ ಲಾಟ್, ಯಾವ ದಿನ ಚಾಕಿ ಕಟ್ಟಿದ್ದು, ಯಾವ ಹೊತ್ತಿಗೆ ಜ್ವರಕ್ಕೆ ಕೂತಿತು, ಎಲ್ಲ ಬರೆದಿರುತ್ತದೆ. ಒಳ್ಳೆಯ ಲಾಟಿನಲ್ಲಿ ಬಹುಪಾಲು ಹುಳು ಅರ್ಧ ದಿನದೊಳಗೆ ಒಟ್ಟಿಗೆ ಏಳುತ್ತದೆ. ಎಲ್ಲ ಎದ್ದ ಮೇಲೆ ಮೊದಲ ಸೊಪ್ಪು. ಹಾಗೆ ಒಟ್ಟಿಗೆ ಎದ್ದ ಹುಳು ಕೊನೆಗೆ ಒಟ್ಟಿಗೇ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸ ಒಂದೂವರೆ ದಿನದಲ್ಲಿ ಮುಗಿಯುತ್ತದೆ. ಹಣ್ಣು ಹುಳು ಆರಿಸಲು ಕೂಲಿಯವರನ್ನು ಮೂರು ದಿನ ಕಾಯಿಸಿದರೆ ಏನಾಗುತ್ತದೆ ಅಂತ ಸಾಕಿದವರಿಗೇ ಗೊತ್ತು. ಇವರ ಬೈವೋಲ್ಟೀನ್ (ಬಿಳಿ ಗೂಡಿನ ತಳಿ) ಚಾಕಿಯಲ್ಲಿ ನಮಗೆ ನೂರು ಮೊಟ್ಟೆಗೆ ಎಪ್ಪತ್ತೈದರಿಂದ ಎಂಬತ್ತೈದು ಕೆ.ಜಿ. ಗೂಡು ಬರುತ್ತಿದೆ. ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ.

ಇದಕ್ಕೂ ಮುಂಚೆ ಬೇರೆ ಒಂದು ಕಡೆಯಿಂದ ತರುತ್ತಿದ್ದೆವು. ಅಲ್ಲಿ ಬೆಲೆ ಕಡಿಮೆ, ಊರಿಗೆ ಹತ್ತಿರ. ಒಂದು ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಊದಿಕೊಂಡು, ಹಾಸಿಗೆ ಅಂಚಿನಲ್ಲಿ ಅಲೆಯತೊಡಗಿತು. ಮುಟ್ಟಿದರೆ ಹಾಲಿನಂಥ ನೀರು. ಹಾಲುತೊಂಡೆ. ಇಡೀ ಪ್ಲಾಟಿನ ಸೊಪ್ಪು ಅದಾಗಲೇ ಖರ್ಚಾಗಿತ್ತು. ಬುಟ್ಟಿಗಟ್ಟಲೆ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಅದೇ ವಾರ ಅದೇ ಲಾಟು ತಂದ ಇನ್ನೂ ಇಬ್ಬರ ಮನೆಯಲ್ಲಿ ಹಾಗೇ ಆಯಿತು. ವಿಚಾರಿಸಲು ಹೋದರೆ ಕಾರ್ಡೂ ಇಲ್ಲ, ಲಾಟ್ ನಂಬರೂ ಇಲ್ಲ. ಅವತ್ತಿನಿಂದ ಕಾರ್ಡ್ ಕೊಡದವರ ಹತ್ತಿರ ನಾವು ಚಾಕಿ ತರುವುದಿಲ್ಲ.

ಈಗಿನ ಕೇಂದ್ರದಲ್ಲೂ ಕೊರತೆ ಇಲ್ಲದೆ ಇಲ್ಲ. ಒಂದು ಬೇಸಿಗೆಯಲ್ಲಿ ಟೆಂಪೋ ಕೆಟ್ಟು, ಹುಳು ನಮ್ಮ ಮನೆ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆ ಸಲ ಕಾಲು ಭಾಗ ಹುಳು ಹಿಂದೆ ಬಿತ್ತು. ಫೋನ್ ಮಾಡಿದೆ. ಮಾಲೀಕರು ಸಂಜೆಗೆ ತಾವೇ ಬಂದರು. ಹಿಂದೆ ಬಿದ್ದದ್ದನ್ನು ಬೇರೆ ಮಾಡಿಸಿ, "ಅಮ್ಮ, ಇದನ್ನು ಬೇರೆ ಸ್ಟ್ಯಾಂಡಲ್ಲಿ ಸಾಕಿ, ಐವತ್ತು ಮೊಟ್ಟೆಯ ದುಡ್ಡು ನಾನು ಹಿಡಿಯಲ್ಲ" ಅಂದರು. ಅಂದಂತೆ ನಡೆದುಕೊಂಡರು. ನಷ್ಟ ಪೂರ್ತಿ ತುಂಬಲಿಲ್ಲ, ಆದರೂ ನಾನು ಇವರನ್ನು ಬಿಡದೇ ಇರಲು ಆ ಸಂಜೆ ದೊಡ್ಡ ಕಾರಣ. ಬೇಸಿಗೆಯಲ್ಲಿ ಒಂದು ಬದಲಿ ಗಾಡಿ ಇಟ್ಟುಕೊಳ್ಳಲೇಬೇಕು ಅಂತ ಅವರಿಗೆ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಇನ್ನೊಂದು, ಮಿಶ್ರತಳಿ ಸಿ.ಬಿ. ಚಾಕಿ ಇವರಲ್ಲಿ ಸಿಗುವುದು ಅಪರೂಪ. ನೀರು ಕಡಿಮೆ, ಸೊಪ್ಪು ಒರಟು ಇರುವ ಬಡ ರೈತರಿಗೆ ಸಿ.ಬಿ.ಯೇ ಹೊಂದುವುದು. ಅವರನ್ನು ವಾಪಸ್ ಕಳಿಸುವುದನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ.

ಬೆಲೆ ನೂರು ಮೊಟ್ಟೆಗೆ ಮೂರು ಸಾವಿರ ದಾಟುತ್ತದೆ, ಸೀಸನ್ ನೋಡಿ ಮೇಲೆ ಕೆಳಗೆ. ಮೊಟ್ಟೆ, ಸೊಪ್ಪು, ಕೂಲಿ, ಸಾಗಾಣಿಕೆ ಎಲ್ಲ ಅದರಲ್ಲೇ. ಜಾಸ್ತಿ ಅನ್ನಿಸಬಹುದು. ಒಂದು ಬೆಳೆ ಹೋದರೆ ಹೋಗುವ ಸೊಪ್ಪು, ಕರೆಂಟು, ಒಂದು ತಿಂಗಳ ದುಡಿಮೆ ಲೆಕ್ಕ ಹಾಕಿದರೆ ನನಗೆ ಜಾಸ್ತಿ ಅನ್ನಿಸುವುದಿಲ್ಲ. ಐನೂರು ರೂಪಾಯಿ ಕಡಿಮೆಗೆ ಸಿಗುತ್ತದೆ ಅಂತ ಬೇರೆ ಕಡೆ ಓಡುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ನೀವು ಬೇರೆ ಊರಿನವರಾದರೆ, ಚಾಕಿ ಹೇಳುವ ಮುಂಚೆ ಒಂದು ಸಲ ಕೇಂದ್ರಕ್ಕೆ ಹೋಗಿ ಬನ್ನಿ. ನೋಂದಣಿ ಪತ್ರ ಕೇಳಿ. ಚಾಕಿ ಸಾಕುವವರು ನೋಂದಣಿ ಮಾಡಿಸಲೇಬೇಕು ಅಂತ ಕಾನೂನಿದೆ, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ತೋಟ ಅವರದ್ದೇನಾ, ಹೊರಗಿನಿಂದ ಸೊಪ್ಪು ತರುತ್ತಾರಾ ಅಂತ ನೋಡಿ. ಬಾಗಿಲಲ್ಲಿ ನಿಮ್ಮನ್ನು ತಡೆಯದೆ ಒಳಗೆ ಬಿಟ್ಟರೆ ಅದು ಒಳ್ಳೆಯ ಲಕ್ಷಣ ಅಲ್ಲ. ಹುಳು ಮನೆಗೆ ಬಂದಾಗ ಟ್ರೇ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ: ಎಲ್ಲ ಒಂದೇ ಗಾತ್ರ ಇದೆಯಾ, ಹಾಸಿಗೆ ತೆಳ್ಳಗೆ ಒಣಗಿದೆಯಾ, ಹಸಿ ಸೊಪ್ಪಿನ ಕೆಳಗೆ ಹುಳು ಮುಚ್ಚಿಹೋಗಿಲ್ಲ ತಾನೆ. ಸಂಶಯ ಬಂದರೆ ಆಗಲೇ ಹೇಳಿ. ಮೂರನೇ ಜ್ವರಕ್ಕೆ ಕೂತ ಮೇಲೆ ಹೇಳಿದರೆ ಯಾರ ತಪ್ಪು ಅನ್ನುವ ಜಗಳ ಮಾತ್ರ ಉಳಿಯುತ್ತದೆ.

ಬುಕಿಂಗ್ ಕನಿಷ್ಠ ಇಪ್ಪತ್ತು ದಿನ ಮುಂಚೆ ಮಾಡಬೇಕು. ಮೊಟ್ಟೆ ತರಿಸಿ ಕಾಯಿಸಲು ಅವರಿಗೆ ಸಮಯ ಬೇಕು. ತೋಟ ಕಟಾವು ಮಾಡಿದ ದಿನವೇ ಲೆಕ್ಕ ಹಾಕಿ ಹೇಳಿಬಿಟ್ಟರೆ ಸೊಪ್ಪಿನ ವಯಸ್ಸೂ ಹುಳುವಿನ ವಯಸ್ಸೂ ಸರಿಹೋಗುತ್ತದೆ. ನಮ್ಮ ಕೆಳಗಿನ ಪ್ಲಾಟಿಗೆ ಮುಂದಿನ ಬೆಳೆಯ 250 ಮೊಟ್ಟೆ ಇವರಲ್ಲೇ ಹೇಳಿ, ಮುಂಗಡ ಕೊಟ್ಟು ಬಂದಿದ್ದೇನೆ.